ವಿದೇಶಾಂಗ ಸಚಿವರು ಸಂಸತ್ತಿನಲ್ಲಿ ಉತ್ತರ ಕೊಡಲೇಬೇಕಾ?

ಓದುಗರ ಪ್ರಶ್ನೆ: ಚೀನಾ ಗಡಿ, ಗಲ್ಫ್‌ನಲ್ಲಿರುವ ನಮ್ಮವರ ಪಾಡು, ಇಂಥವುಗಳ ಬಗ್ಗೆ ಸಂಸದರು ಪ್ರಶ್ನೆ ಕೇಳಿದರೆ ವಿದೇಶಾಂಗ ಸಚಿವರು ಉತ್ತರಿಸಲೇಬೇಕೆ? "ಹೇಳೋಕಾಗಲ್ಲ" ಅಂದರೆ ಮುಂದೇನು?

ಪ್ರಶ್ನೆ ಪಟ್ಟಿಗೆ ಸೇರಿತೆಂದರೆ ಉತ್ತರ ಬರಲೇಬೇಕು. ಆ ಉತ್ತರದಲ್ಲಿ ತಿರುಳು ಎಷ್ಟಿರಬೇಕು ಅನ್ನುವುದಕ್ಕೆ ಮಾತ್ರ ಅಳತೆಗೋಲಿಲ್ಲ. ನನ್ನನ್ನು ಕೇಳಿದರೆ, ನಿಜವಾದ ಜಗ್ಗಾಟ ಅದಕ್ಕೂ ಮೊದಲೇ, ಪ್ರಶ್ನೆ ಪಟ್ಟಿಗೆ ಸೇರುವ ಹಂತದಲ್ಲೇ ನಡೆದುಹೋಗಿರುತ್ತದೆ.

ಲೋಕಸಭೆಯಲ್ಲಿ ಕನಿಷ್ಠ 15 ದಿನ ಮೊದಲೇ ನೋಟಿಸ್ ಕೊಡಬೇಕು. ಯಾರ ಪ್ರಶ್ನೆ ಮೊದಲು ಅನ್ನುವುದು ಚೀಟಿ ಎತ್ತಿ ತೀರ್ಮಾನವಾಗುತ್ತದೆ. ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಗುರುತಿಲ್ಲದವು. ಅದೂ ಆ ದಿನದ ಸರದಿಯಲ್ಲಿರುವ ಎಲ್ಲ ಸಚಿವಾಲಯಗಳಿಗೂ ಸೇರಿ. ಚುಕ್ಕೆ ಇದ್ದರೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆಗಳನ್ನೂ ಎದುರಿಸಬೇಕು. ಇಲ್ಲದಿದ್ದರೆ ಲಿಖಿತ ಉತ್ತರ ಸಾಕು. ವಿದೇಶಾಂಗಕ್ಕೆ ಈಚಿನ ವರ್ಷಗಳಲ್ಲಿ ಲೋಕಸಭೆಯಲ್ಲಿ ಶುಕ್ರವಾರ, ರಾಜ್ಯಸಭೆಯಲ್ಲಿ ಗುರುವಾರ ಸರದಿ.

ಇನ್ನು ಸೋಸುವ ಕೆಲಸ. ಪ್ರಶ್ನೆ 150 ಪದ ಮೀರುವಂತಿಲ್ಲ, ಸರ್ಕಾರದ ಅಭಿಪ್ರಾಯ ಕೇಳುವಂತಿಲ್ಲ, ಮಿತ್ರ ರಾಷ್ಟ್ರದ ಬಗ್ಗೆ ಅಗೌರವದ ಮಾತು ಇರುವಂತಿಲ್ಲ. "ಅಮೆರಿಕ ನಮಗೆ ಮೋಸ ಮಾಡುತ್ತಿದೆ ಅಂತ ಸರ್ಕಾರಕ್ಕೆ ಅನಿಸುವುದಿಲ್ಲವೇ?" ಎಂದು ಕೇಳಿದಿರೋ, ಒಂದಲ್ಲ ಎರಡು ಕಾರಣಕ್ಕೆ ಅದು ಕಸದ ಬುಟ್ಟಿಗೆ. ಅದನ್ನೇ "ಯಾವ ಯಾವ ಸರಕಿನ ಮೇಲೆ ಎಷ್ಟು ಸುಂಕ ಬಿದ್ದಿದೆ, ಮಾತುಕತೆ ಎಷ್ಟು ಸುತ್ತು ನಡೆದಿದೆ?" ಎಂದು ಕೇಳಿದರೆ ಒಳಗೆ ಬಿಡುತ್ತಾರೆ. ಪಳಗಿದ ಸಂಸದರು ಬರೆಯುವುದೇ ಹೀಗೆ.

ಕೆಲವೊಮ್ಮೆ ಎಷ್ಟೇ ನಾಜೂಕಾಗಿ ಬರೆದರೂ ನಡೆಯುವುದಿಲ್ಲ. ಚೀನೀಯರು ಲಡಾಖ್‌ನಲ್ಲಿ ವಾಸ್ತವ ನಿಯಂತ್ರಣ ರೇಖೆ ದಾಟಿದ್ದಾರೆಯೇ ಎಂಬ ತಮ್ಮ ಪ್ರಶ್ನೆಯನ್ನು "ರಾಷ್ಟ್ರೀಯ ಹಿತಾಸಕ್ತಿ"ಯ ಕಾರಣಕ್ಕೆ ಬಿಡಲಿಲ್ಲವೆಂದು ರಾಜ್ಯಸಭಾ ಸಚಿವಾಲಯ ತಿಳಿಸಿದೆ ಎಂದು 2021ರ ಡಿಸೆಂಬರ್‌ನಲ್ಲಿ ಬಹಿರಂಗವಾಗಿ ಹೇಳಿಕೊಂಡವರು ಸುಬ್ರಮಣಿಯನ್ ಸ್ವಾಮಿ. ಆಗ ಅವರು ಆಡಳಿತ ಪಕ್ಷದವರೇ! ಸಚಿವರು ಉತ್ತರ ನಿರಾಕರಿಸುವ ಪ್ರಮೇಯವೇ ಅಲ್ಲಿ ಬರಲಿಲ್ಲ.

ಸೋಸಿ ಉಳಿದದ್ದಕ್ಕೆ ಉತ್ತರ ಬರುತ್ತದೆ, ಅದಕ್ಕೊಂದು ಕಲೆಯಿದೆ. ಸಂಸದರು ಎ, ಬಿ, ಸಿ, ಡಿ ಎಂದು ನಾಲ್ಕು ಚೂಪಾದ ಪ್ರಶ್ನೆ ಇಟ್ಟಿರುತ್ತಾರೆ. ಉತ್ತರದ ಹಾಳೆಯಲ್ಲಿ "ಎ ಯಿಂದ ಡಿ" ಎಂದು ನಾಲ್ಕನ್ನೂ ಒಟ್ಟು ಮಾಡಿ ಒಂದೇ ಪ್ಯಾರಾ: ದೇಶದ ಭದ್ರತೆಗೆ ಸಂಬಂಧಿಸಿದ ಎಲ್ಲ ಬೆಳವಣಿಗೆಗಳ ಮೇಲೆ ಸರ್ಕಾರ ನಿರಂತರ ನಿಗಾ ಇಟ್ಟಿದೆ. ಸಿ ಗೆ ಉತ್ತರ ಎಲ್ಲಿ ಅಂತ ಹುಡುಕಬೇಡಿ, ಸಿಗುವುದಿಲ್ಲ. "ಮಾಹಿತಿ ಸಂಗ್ರಹಿಸಿ ಸದನದಲ್ಲಿ ಮಂಡಿಸುತ್ತೇವೆ" ಎಂದುಬಿಟ್ಟರೆ ಮಾತ್ರ ಅದು ಭರವಸೆಯಾಗುತ್ತದೆ. ಮೂರು ತಿಂಗಳಲ್ಲಿ ಈಡೇರಿಸಬೇಕು, ಬೆನ್ನು ಹತ್ತಲು ಸರ್ಕಾರಿ ಭರವಸೆಗಳ ಸಮಿತಿ ಇದೆ. ಉತ್ತರ ತಪ್ಪಿದ್ದರೆ ಸ್ಪೀಕರ್ ನಿರ್ದೇಶನ 115ರಡಿ ಸಂಸದರು ಅದನ್ನು ಎತ್ತಿ ತೋರಿಸಬಹುದು.

ಹಾಗಾದರೆ ಇದೆಲ್ಲ ಬರೀ ನಾಟಕವೇ? ಅಲ್ಲ ಅನ್ನಲು ನನಗೆ ಮೋಸುಲ್ ಪ್ರಕರಣ ಸಾಕು. 2014ರ ಜೂನ್‌ನಲ್ಲಿ ಇರಾಕಿನ ಮೋಸುಲ್‌ನಲ್ಲಿ 40 ಭಾರತೀಯ ಕಾರ್ಮಿಕರು ಐಎಸ್ ಉಗ್ರರ ಕೈಗೆ ಸಿಕ್ಕರು. ಹೆಚ್ಚಿನವರು ಪಂಜಾಬಿನವರು. ತಪ್ಪಿಸಿಕೊಂಡು ಬಂದ ಒಬ್ಬರು ಉಳಿದ 39 ಮಂದಿಯನ್ನೂ ಕೊಂದುಹಾಕಿದ್ದಾರೆ ಅಂದರು, ಸರ್ಕಾರ ಒಪ್ಪಲಿಲ್ಲ. ಸಂಸತ್ತಿನಲ್ಲಿ ವಿಷಯ ಮತ್ತೆ ಮತ್ತೆ ಎದ್ದಿತು. ಪುರಾವೆ ಇಲ್ಲದೆ ಯಾರನ್ನೂ ಸತ್ತರೆಂದು ಘೋಷಿಸುವುದು ಪಾಪ, ಅದನ್ನು ನಾನು ಮಾಡಲಾರೆ ಎಂದು 2017ರ ಜುಲೈನಲ್ಲಿ ಆಗಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಲೋಕಸಭೆಯಲ್ಲಿ ಹೇಳಿದರು. ಕೊನೆಗೆ ಡಿಎನ್‌ಎ ಪರೀಕ್ಷೆ ನಡೆದು, 2018ರ ಮಾರ್ಚ್ 20ರಂದು ರಾಜ್ಯಸಭೆಯಲ್ಲಿ ಅವರೇ 39 ಮಂದಿಯೂ ಸತ್ತಿದ್ದಾರೆಂದು ತಿಳಿಸಿದರು. ಅದೇ ದಿನ ಲೋಕಸಭೆಯಲ್ಲಿ ಗದ್ದಲ, ಹೇಳಿಕೆ ಓದಲೂ ಬಿಡಲಿಲ್ಲ. ಟಿವಿಯಲ್ಲಿ ಸುದ್ದಿ ಕೇಳಬೇಕಾಯಿತಲ್ಲ ಎಂದು ಮನೆಯವರು ನೊಂದುಕೊಂಡಾಗ, ಮೊದಲು ಸದನಕ್ಕೆ ತಿಳಿಸುವುದು ತಮ್ಮ ಕರ್ತವ್ಯವಾಗಿತ್ತು ಎಂದರು ಸಚಿವೆ. ಆ ಸಮರ್ಥನೆ ಸರಿಯೋ ತಪ್ಪೋ, ನಾಲ್ಕು ವರ್ಷ ಆ ಕಡತ ಮುಚ್ಚದಂತೆ ನೋಡಿಕೊಂಡದ್ದರಲ್ಲಿ ಸದನದ ಪಾಲೂ ಇದೆ.

ಯಾರೂ ಓದದ ಲಿಖಿತ ಉತ್ತರಗಳಲ್ಲಿ ಇನ್ನೂ ಹೆಚ್ಚು ಸರಕಿದೆ. ವಿದೇಶಿ ಜೈಲುಗಳಲ್ಲಿ ವಿಚಾರಣಾಧೀನರೂ ಸೇರಿ 10,152 ಭಾರತೀಯರಿದ್ದಾರೆ, ಯುಎಇ ಒಂದರಲ್ಲೇ 25 ಮಂದಿಗೆ ಮರಣದಂಡನೆಯಾಗಿ ಇನ್ನೂ ಜಾರಿಯಾಗಿಲ್ಲ ಎಂಬುದು ತಿಳಿದದ್ದು 2025ರ ಮಾರ್ಚ್‌ನಲ್ಲಿ ರಾಜ್ಯಸಭೆಗೆ ಕೊಟ್ಟ ಇಂಥದೇ ಉತ್ತರದಿಂದ. ಭಟ್ಕಳ, ಉಡುಪಿ, ಮಂಗಳೂರು ಕಡೆ ಗಲ್ಫ್ ಇಲ್ಲದ ಮನೆ ಹುಡುಕುವುದು ಕಷ್ಟ. ಈ ಅಂಕಿ ಅಲ್ಲಿಯವರಿಗೆ ಗಡಿ ವಿವಾದಕ್ಕಿಂತ ಹತ್ತಿರದ್ದು. ವಿದೇಶಾಂಗ ಸಚಿವಾಲಯದ ಜಾಲತಾಣದಲ್ಲಿ ಈ ಉತ್ತರಗಳು ಪುಕ್ಕಟೆ ಸಿಗುತ್ತವೆ.

ನಿಮ್ಮ ಸಂಸದರಿಂದ ಪ್ರಶ್ನೆ ಹಾಕಿಸುವ ಯೋಚನೆ ಇದ್ದರೆ ಅಧಿವೇಶನ ಶುರುವಾಗುವವರೆಗೆ ಕಾಯಬೇಡಿ, 15 ದಿನದ ಲೆಕ್ಕ ನೆನಪಿರಲಿ. ಎಷ್ಟು, ಯಾವಾಗ, ಯಾವ ದೇಶ ಎಂದು ಕೇಳಿ. ಏಕೆ ಎಂದು ಕೇಳಿದರೆ ಮತ್ತದೇ ನಿರಂತರ ನಿಗಾ. ಮನೆಯವರೊಬ್ಬರೇ ಹೊರದೇಶದಲ್ಲಿ ಸಿಕ್ಕಿಕೊಂಡಿದ್ದರೆ ಸಂಸತ್ತಿನ ದಾರಿ ಬಹಳ ಉದ್ದವಾಯಿತು. ಅದಕ್ಕೆ ಸಚಿವಾಲಯದ್ದೇ ಮದದ್ ಪೋರ್ಟಲ್ ಇದೆ, ದೂರು ಹಾಕಲು ಅಧಿವೇಶನ ನಡೆಯುತ್ತಿರಬೇಕಿಲ್ಲ.