ಹಲ್ಲು ಜುಮ್ ಅಂದಾಗ ಲವಂಗದೆಣ್ಣೆ ಸಾಕಾ?

ಈಚೆಗೆ ಐವತ್ತು ದಾಟಿದ ಒಬ್ಬರು ಅಮ್ಮ ಕ್ಲಿನಿಕ್‌ಗೆ ಬಂದಿದ್ದರು. ಬಾಯಿ ತೆರೆದ ಕೂಡಲೇ ಲವಂಗದ ವಾಸನೆ ಗಮ್ಮೆಂದಿತು. "ತಣ್ಣೀರು ಕುಡಿದ್ರೆ ಹಲ್ಲು ಜುಮ್ ಅನ್ನುತ್ತೆ ಡಾಕ್ಟ್ರೇ. ಲವಂಗದೆಣ್ಣೆ ಹತ್ತಿ ಇಟ್ಕೊಂಡ್ರೆ ಸುಮ್ನಾಗುತ್ತೆ, ಆಮೇಲೆ ಮತ್ತೆ ಶುರು" ಅಂದರು. ಎಡಗಡೆ ವಸಡಿನಲ್ಲಿ ಉಗುರಿನಷ್ಟು ಜಾಗ ಬೆಳ್ಳಗೆ ಸುಲಿದಿತ್ತು. ಎಣ್ಣೆ ಸುಟ್ಟ ಗಾಯ ಅದು.

ಕೆನ್ನೆ ಸರಿಸಿ ನೋಡಿದೆ. ನಾಲ್ಕು ಹಲ್ಲುಗಳ ಬುಡದಲ್ಲಿ, ಮರಕ್ಕೆ ಕೊಡಲಿ ಏಟು ಬಿದ್ದ ಹಾಗೆ ಕಚ್ಚು. ಆ ಹಲ್ಲುಗಳ ಮೇಲೆ ಚೂರೇ ಚೂರು ಗಾಳಿ ಊದಿದೆ, ಅವರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು.

ಹಲ್ಲಿನ ಮೇಲಿನ ಗಟ್ಟಿ ಪದರ ಎನಾಮೆಲ್. ಅದರ ಕೆಳಗಿನದು ಡೆಂಟಿನ್. ಡೆಂಟಿನ್ ತುಂಬಾ ಸೂಕ್ಷ್ಮ ಕೊಳವೆಗಳಿವೆ. ಒಂದೊಂದರ ಅಗಲ ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಭಾಗ, ಅಷ್ಟೇ. ವಸಡು ಕೆಳಗಿಳಿದೋ, ಹಲ್ಲು ಸವೆದೋ ಈ ಕೊಳವೆಗಳ ಬಾಯಿ ತೆರೆದುಕೊಂಡರೆ, ತಣ್ಣೀರು ತಾಗಿದಾಗ ಒಳಗಿನ ದ್ರವ ಅಲುಗಾಡುತ್ತದೆ, ನರ ಚುಳ್ ಅನ್ನುತ್ತದೆ. 1960ರ ದಶಕದಲ್ಲಿ ಸ್ವೀಡನ್ನಿನ ದಂತ ಸಂಶೋಧಕ ಮಾರ್ಟಿನ್ ಬ್ರಾನ್‌ಸ್ಟ್ರಾಮ್ ಪ್ರಯೋಗ ಮಾಡಿ ಬಲಪಡಿಸಿದ ಈ ವಿವರಣೆಯನ್ನೇ ನಾವು ಇವತ್ತಿಗೂ ಒಪ್ಪುತ್ತೇವೆ.

ಅಂದಮೇಲೆ ಯಾವ ಮದ್ದೇ ಆಗಲಿ, ಗಿಡಮೂಲಿಕೆಯದ್ದೇ ಆಗಲಿ, ನರವನ್ನು ಸುಮ್ಮನಾಗಿಸಬೇಕು, ಇಲ್ಲವೇ ಕೊಳವೆಯ ಬಾಯಿ ಮುಚ್ಚಬೇಕು.

ಲವಂಗದೆಣ್ಣೆ ಮಾಡುವುದು ಮೊದಲನೆಯದನ್ನು. ಅದರಲ್ಲಿ ಬಹುಪಾಲು ಇರುವುದು ಯುಜಿನಾಲ್. ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ. ಜಿಂಕ್ ಆಕ್ಸೈಡ್ ಜೊತೆ ಇದನ್ನೇ ಕಲಸಿ ನಾವೂ ತಾತ್ಕಾಲಿಕ ಸಿಮೆಂಟ್ ಹಾಕುತ್ತೇವೆ, ಹಾಗಾಗಿ ಲವಂಗದ ಬಗ್ಗೆ ನನಗೆ ಗೌರವ ಇದೆ. ಆದರೆ ಕೊಳವೆಯ ತೆರೆದ ಬಾಯಿ ಅದರಿಂದ ಮುಚ್ಚುವುದಿಲ್ಲ. ಹಸಿ ಎಣ್ಣೆಯನ್ನು ದಿನಾ ಇಟ್ಟರೆ ವಸಡು ಸುಡಲೂಬಹುದು.

ಪಾಲಕ್ ಸೊಪ್ಪು ತಿಂದಾಗ ಹಲ್ಲು ಒರಟೊರಟು ಅನಿಸುತ್ತದೆ, ಅಲ್ವಾ? ಸೊಪ್ಪಿನ ಆಕ್ಸಲೇಟ್ ಕ್ಯಾಲ್ಸಿಯಂ ಜೊತೆ ಸೇರಿ ಸಣ್ಣ ಹರಳು ಕಟ್ಟುವುದರಿಂದ ಹಾಗಾಗುತ್ತದೆ. ಕೊಳವೆ ಮುಚ್ಚಲು ಬಳಸುವ ಕೆಲವು ಮದ್ದುಗಳ ಗುಟ್ಟೂ ಈ ಹರಳೇ. ಹಾಗಂತ ದಿನಾ ಪಾಲಕ್ ಪಲ್ಯ ತಿಂದರೆ ಜುಮ್ ನಿಲ್ಲುವುದಿಲ್ಲ, ಮದ್ದು ಹಲ್ಲಿನ ಬುಡಕ್ಕೇ ನೇರವಾಗಿ ತಾಗಬೇಕು.

ಇನ್ನೊಂದು, ಸೂರ್ಯಕ್ಷಾರ. ಆಯುರ್ವೇದದ ಪೇಸ್ಟುಗಳ ಪಟ್ಟಿಯಲ್ಲಿ ಈ ಹೆಸರು ಕಂಡರೆ ಗಮನಿಸಿ. ಇದು ನಮ್ಮ ಪೆಟ್ಲುಪ್ಪೇ, ಪೊಟ್ಯಾಸಿಯಂ ನೈಟ್ರೇಟ್. ಸೆನ್ಸಿಟಿವ್ ಹಲ್ಲಿನ ಇಂಗ್ಲಿಷ್ ಪೇಸ್ಟುಗಳಲ್ಲಿ ಸಾಮಾನ್ಯವಾಗಿ 5% ಇರುವುದೂ ಇದೇ. ಇದು ನರವನ್ನು ಶಾಂತ ಮಾಡುತ್ತದೆ. ಎರಡರಿಂದ ನಾಲ್ಕು ವಾರ ಬೇಕು, ದಿನಕ್ಕೆರಡು ಸಲ. ನಾಲ್ಕು ದಿನ ಹಚ್ಚಿ "ಉಪಯೋಗ ಇಲ್ಲ" ಅಂತ ಬಿಡುವವರೇ ಜಾಸ್ತಿ. ಹಾಗಾಗಿ "ಹರ್ಬಲ್" ಅನ್ನುವ ದೊಡ್ಡಕ್ಷರ ನೋಡಿ ಕೊಳ್ಳಬೇಡಿ. ಟ್ಯೂಬ್ ತಿರುಗಿಸಿ ಒಳಗೇನಿದೆ ಓದಿ.

ಆ ಅಮ್ಮನ ಹಲ್ಲು ಸವೆದದ್ದು ಯಾತರಿಂದ? ಕೇಳಿದೆ. ಮೂವತ್ತು ವರ್ಷದಿಂದ ಕೆಂಪು ಹಲ್ಲುಪುಡಿ, ತೋರುಬೆರಳಲ್ಲಿ ಅಡ್ಡಡ್ಡ ಗಸಗಸ ಉಜ್ಜುವುದು. ಅದೂ ಗಿಡಮೂಲಿಕೆಯದೇ ಅಂದರು. ನಿಜ, ಆದರೆ ಅದರಲ್ಲಿ ಕಾವಿಮಣ್ಣೂ ಇತ್ತು. ಮಣ್ಣು, ಇದ್ದಿಲು, ಹರಳುಪ್ಪು ಇವೆಲ್ಲ ಉಜ್ಜುಗಾಗದದ ಹಾಗೆ. ಬೇವಿನ ಕಡ್ಡಿಯೂ ಅಷ್ಟೆ, ತುದಿ ಮೆತ್ತಗಾಗುವ ತನಕ ಅಗಿದು ಹಗುರವಾಗಿ ಆಡಿಸಿದರೆ ಸರಿ, ಒತ್ತಿ ಉಜ್ಜಿದರೆ ವಸಡು ಕೆಳಗಿಳಿಯುತ್ತದೆ.

ಪುಡಿ ಬಿಡಿಸಿದೆ. ಮೆತ್ತನೆ ಬ್ರಷ್, ಸೂರ್ಯಕ್ಷಾರದ ಪೇಸ್ಟ್ ಕೊಟ್ಟೆ. ನಿಂಬೆ ಪಾನಕ ಕುಡಿದ ಅರ್ಧ ಗಂಟೆ ಬ್ರಷ್ ಮುಟ್ಟಬೇಡಿ ಅಂದೆ. ಐದು ವಾರ ಬಿಟ್ಟು ಬಂದಾಗ ಆ ನಾಲ್ಕು ಹಲ್ಲಿಗೆ ಗಾಳಿ ಬಿಟ್ಟರೂ ಆರಾಮವಾಗಿ ಕೂತಿದ್ದರು.

ಐದನೆಯದೊಂದು ಹಲ್ಲಿತ್ತು, ಹಿಂದಿನ ದವಡೆಯದು. ಅದಕ್ಕೂ ಇಷ್ಟು ದಿನ ಲವಂಗದೆಣ್ಣೆಯೇ. ಬಿಸಿ ಕಾಫಿ ಕುಡಿದರೆ ನೋವು ಹತ್ತು ನಿಮಿಷ ಇರುತ್ತಿತ್ತು, ರಾತ್ರಿ ಎಬ್ಬಿಸುತ್ತಿತ್ತು. ಅದು ಜುಮ್ಮಲ್ಲ, ಹುಳುಕು. ಮೊದಲ ದಿನವೇ ಎಕ್ಸ್‌ರೇ ತೆಗೆದಾಗ ಹುಳುಕು ನರದವರೆಗೂ ಹೋಗಿತ್ತು. ಅದಕ್ಕೆ ರೂಟ್ ಕೆನಾಲ್ ಮಾಡಬೇಕಾಯಿತು. ಆರು ತಿಂಗಳು ಮುಂಚೆ ಬಂದಿದ್ದರೆ ಪ್ರಾಯಶಃ ಒಂದು ಫಿಲ್ಲಿಂಗ್‌ನಲ್ಲೇ ಮುಗಿಯುತ್ತಿತ್ತು.