ಕರಾವಳಿಯುದ್ದಕ್ಕೂ ಗೋಡೆ ಯಾಕೆ ಕಟ್ಟುವುದಿಲ್ಲ?

ಪ್ರಶ್ನೆ: ಕಾರವಾರದಿಂದ ಮಂಗಳೂರು ತನಕ ದಂಡಿ ಗುಂಟ ಒಂದು ಗಟ್ಟಿ ಗೋಡಿ ಕಟ್ಟಿಬಿಟ್ರ ಕಡಲ್ಕೊರೆತಾನೂ ನಿಲ್ಲತೈತಿ, ದೋಣ್ಯಾಗ ಕಳ್ಳದಾರಿಲೆ ಬರೋರೂ ನಿಲ್ತಾರ. ಸರ್ಕಾರ ಯಾಕ ಕಟ್ಟವಲ್ದು?

ಉತ್ತರ: ಮಳೆಗಾಲದಲ್ಲಿ ಉಳ್ಳಾಲದ ಕಡೆ ಮನೆ ಕುಸಿದ ಸುದ್ದಿ ಟಿವಿಯಲ್ಲಿ ಬಂದರೆ ಸಾಕು, ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ ಈ ಪ್ರಶ್ನೆ ಬಂದೇ ಬರುತ್ತದೆ. ಎಷ್ಟು ಸಲ ಉತ್ತರಿಸಿದರೂ ಮತ್ತೆ ಅದೇ ಪ್ರಶ್ನೆ. ಆದ್ದರಿಂದ ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ.

ಮೊದಲು ಮನುಷ್ಯರ ವಿಷಯ, ಅದು ಬೇಗ ಮುಗಿಯುತ್ತದೆ. ಸಣ್ಣ ದೋಣಿಯಲ್ಲಿ ಅಕ್ರಮವಾಗಿ ಜನ ಬರುವುದು ಎದುರಿನ ದಂಡೆ ಹತ್ತಿರ ಇರುವಲ್ಲಿ. ರಾಮೇಶ್ವರದ ಆಚೆ ಧನುಷ್ಕೋಡಿಯಿಂದ ಶ್ರೀಲಂಕಾ ಸುಮಾರು 30 ಕಿ.ಮೀ. ಹಾಗಾಗಿಯೇ 2022ರ ಆರ್ಥಿಕ ಸಂಕಟದಲ್ಲಿ ಅಲ್ಲಿನ ತಮಿಳು ಕುಟುಂಬಗಳು ಆ ದಾರಿಯಲ್ಲಿ ಬಂದವು. ಕಾರವಾರದಿಂದ ನೇರ ಪಶ್ಚಿಮಕ್ಕೆ ಹೋದರೆ ಸಿಗುವುದು ಓಮನ್, ಯೆಮನ್ ಕಡೆಯ ದಂಡೆ, ಒಂದೂವರೆ ಸಾವಿರ ಕಿ.ಮೀ.ಗೂ ಆಚೆ.

2008ರ ನವೆಂಬರ್ 26ರಂದು ಮುಂಬೈಗೆ ಬಂದ ಉಗ್ರರು ಇಳಿದದ್ದು ಯಾವುದೋ ನಿರ್ಜನ ದಂಡೆಯಲ್ಲಲ್ಲ. ಪೋರಬಂದರಿನ 'ಕುಬೇರ್' ಎಂಬ ನಮ್ಮದೇ ಮೀನುಗಾರಿಕಾ ದೋಣಿಯನ್ನು ಹಿಡಿದು, ಕೊನೆಗೆ ರಬ್ಬರ್ ದೋಣಿಯಲ್ಲಿ ಕೊಲಾಬಾದ ಮೀನುಗಾರರ ಕೇರಿಗೇ ಬಂದರು. ನೀವ್ಯಾರು ಎಂದು ಅಲ್ಲಿನ ಜನ ಕೇಳಿಯೂ ಇದ್ದರು. ಗೋಡೆ ಇದ್ದಿದ್ದರೂ ಮೀನುಗಾರರ ದೋಣಿಗೆ ಬಾಗಿಲು ಬಿಡಲೇಬೇಕಿತ್ತು, ಅವರು ಬಂದದ್ದೂ ಆ ಬಾಗಿಲಿನಿಂದಲೇ ಆಗುತ್ತಿತ್ತು. ಈ ಕಾರಣಕ್ಕೇ ಆಮೇಲಿನ ವ್ಯವಸ್ಥೆ ಗೋಡೆಯ ಮೇಲೆ ನಿಂತಿಲ್ಲ. ದೋಣಿಯ ಮೈಮೇಲೆ ದೊಡ್ಡದಾಗಿ ನೋಂದಣಿ ಸಂಖ್ಯೆ, ಮೀನುಗಾರರಿಗೆ ಗುರುತಿನ ಚೀಟಿ, ದಂಡೆಯ ಮೇಲೆ ರಡಾರ್ ಸಾಲು, 20 ಮೀಟರ್ ಮೀರಿದ ಹಡಗುಗಳಿಗೆ ತಾನಿರುವ ಜಾಗ ತಾನೇ ತಿಳಿಸುವ ಯಂತ್ರ, ಜೊತೆಗೆ ಕರಾವಳಿ ಕಾವಲು ಪೊಲೀಸ್. ಅಪರಿಚಿತ ದೋಣಿ ಕಂಡ ಮೀನುಗಾರ 1093ಕ್ಕೆ ಫೋನ್ ಮಾಡಿದರೆ ಅದು ಗೋಡೆಗಿಂತ ದೊಡ್ಡ ಕೆಲಸ. ಗೋಡೆ ಕಟ್ಟಿ ರಂಪಣಿ ಬಲೆ ಎಳೆಯುವ ಮರಳನ್ನೇ ಕಿತ್ತುಕೊಂಡರೆ ಆ ಮೀನುಗಾರನೂ ಅಲ್ಲಿ ಉಳಿಯುವುದಿಲ್ಲ.

ಇನ್ನು ಕೊರೆತ. ಗೋಡೆ ಸಮುದ್ರವನ್ನು ನಿಲ್ಲಿಸುತ್ತದೆ ಎಂಬ ನಂಬಿಕೆ ನಮ್ಮ ಭಾಗದಲ್ಲಿ ಇಷ್ಟು ಗಟ್ಟಿಯಾಗಿರುವುದಕ್ಕೆ ಕಾರಣ ಹೊಲದ ಒಡ್ಡು. ಒಡ್ಡು ಹಾಕಿದರೆ ನೀರು ನಿಲ್ಲುತ್ತದೆ, ಮಣ್ಣು ಉಳಿಯುತ್ತದೆ. ಆದರೆ ಒಡ್ಡಿನ ಮುಂದಿನ ನೀರು ನಿಂತು ಇಂಗುವ ನೀರು. ಅಲೆ ನಿಲ್ಲುವುದಿಲ್ಲ. ಹತ್ತು ಸೆಕೆಂಡಿಗೊಮ್ಮೆ ಬಂದು ಬಡಿಯುತ್ತದೆ, ಆ ಪೆಟ್ಟು ಎಲ್ಲಾದರೂ ಕರಗಲೇಬೇಕು. ಇಳಿಜಾರಾದ ಮರಳಿನ ಮೇಲೆ ಅಲೆ ಒಡೆದು, ಮೇಲೇರುತ್ತ ಶಕ್ತಿ ಕಳೆದುಕೊಂಡು, ಸ್ವಲ್ಪ ನೀರು ಮರಳಿನಲ್ಲೇ ಇಳಿದುಹೋಗುತ್ತದೆ. ಗೋಡೆಗೆ ಬಡಿದ ಅಲೆ ಹೆಚ್ಚುಕಡಿಮೆ ಅದೇ ಜೋರಿನಲ್ಲಿ ಹಿಂತಿರುಗಿ, ಗೋಡೆಯ ಬುಡದ ಮರಳನ್ನು ಎತ್ತಿಕೊಂಡು ಹೋಗುತ್ತದೆ. ಬುಡ ಆಳವಾದಷ್ಟೂ ಮುಂದಿನ ಅಲೆ ಒಡೆಯದೆ, ಇನ್ನೂ ದೊಡ್ಡದಾಗಿಯೇ ಹತ್ತಿರ ಬರುತ್ತದೆ. ಕಡೆಗೆ ಬುಡದ ಕಲ್ಲು ಜಾರುತ್ತದೆ, ಮೇಲಿನದು ಅದರ ಹಿಂದೆ.

ಆಗ ಎಲ್ಲರೂ ಗುತ್ತಿಗೆದಾರನನ್ನು ಬೈಯುತ್ತಾರೆ. ಕೆಲವು ಸಲ ಸರಿಯೇ. ಕಲ್ಲಿನ ಕೆಳಗೆ ನೀರು ಬಿಟ್ಟು ಮರಳು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಅದರ ಮೇಲೆ ಸಣ್ಣ ಕಲ್ಲಿನ ಪದರ ಹಾಕದೆ ನೇರ ಮರಳಿನ ಮೇಲೆ ಲಾರಿಗಟ್ಟಲೆ ಸುರಿದರೆ, ಸಂದಿಯಿಂದ ಮರಳು ಸೋರಿ ಕಲ್ಲು ಹೂತುಹೋಗುತ್ತದೆ. ಕಲ್ಲಿನ ತೂಕದಲ್ಲೂ ತಪ್ಪಾಗುತ್ತದೆ. ಬೇಕಾದ ತೂಕ ಅಲೆಯ ಎತ್ತರದ ಘನಕ್ಕೆ ತಕ್ಕಂತೆ ಏರುತ್ತದೆ, ಅಂದರೆ ಅಲೆ ಎರಡು ಪಟ್ಟಾದರೆ ಕಲ್ಲು ಎಂಟು ಪಟ್ಟು. ಎರಡು ಅಡಿ ಅಡ್ಡಕ್ಕೆ ಒಂದು ಅಡಿ ಏರುವ ಇಳಿಜಾರಿನಲ್ಲಿ, 1.5 ಮೀಟರ್ ಅಲೆಗೆ ಅರ್ಧ ಟನ್ನಿನ ಗ್ರಾನೈಟ್ ಕಲ್ಲು ಸಾಕಾದರೆ 3 ಮೀಟರ್ ಅಲೆಗೆ ನಾಲ್ಕು ಟನ್ ಮೀರಿದ್ದು ಬೇಕು. ಜನವರಿಯ ಶಾಂತ ಸಮುದ್ರ ನೋಡಿ ಕಲ್ಲು ಆರಿಸಿದರೆ ಜುಲೈಯಲ್ಲಿ ಉಳಿಯುವುದಿಲ್ಲ.

ಆದರೆ ಎಲ್ಲ ಸರಿಯಾಗಿ ಕಟ್ಟಿದರೂ ಮೂಲ ತೊಂದರೆ ಹಾಗೇ ಇರುತ್ತದೆ, ಇದನ್ನು ದಯವಿಟ್ಟು ಗಮನಿಸಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಅಲೆಗಳು ದಂಡೆಯ ಮರಳನ್ನು ಕಡಿದು ಸ್ವಲ್ಪ ದೂರದಲ್ಲಿ ನೀರೊಳಗೆ ದಿಬ್ಬವಾಗಿ ಇಡುತ್ತವೆ. ಆ ದಿಬ್ಬದ ಮೇಲೆಯೇ ದೊಡ್ಡ ಅಲೆಗಳು ಒಡೆಯುತ್ತವೆ. ಅಕ್ಟೋಬರ್ ನಂತರ ಸಣ್ಣ ಅಲೆಗಳು ಅದೇ ಮರಳನ್ನು ನಿಧಾನವಾಗಿ ವಾಪಸ್ ತರುತ್ತವೆ. ಹಿಂದಿನ ಮರಳನ್ನು ಗೋಡೆ ಬಂಧಿಸಿಟ್ಟರೆ ದಿಬ್ಬಕ್ಕೆ ಸರಕು ಸಾಲದು. ಗೋಡೆ ಮುಗಿಯುವ ತುದಿಯಲ್ಲಂತೂ ಕೊರೆತ ಇಮ್ಮಡಿ. ಇಲ್ಲಿನ ಹತ್ತು ಮನೆ ಉಳಿಸಲು ಹೋಗಿ ಪಕ್ಕದ ಹತ್ತು ಮನೆಗೆ ಸಂಕಟ. ಅವರೂ ಗೋಡೆ ಕೇಳುತ್ತಾರೆ, ಗೋಡೆ ಮುಂದೆ ಹೋಗುತ್ತದೆ, ಕೊರೆತವೂ ಅದರ ಮುಂದೆ ಹೋಗುತ್ತದೆ.

ದಂಡೆಯುದ್ದಕ್ಕೂ ಕಟ್ಟಿದರೆ ತುದಿಯೇ ಇರುವುದಿಲ್ಲವಲ್ಲ ಎನ್ನುವವರಿದ್ದಾರೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿ ಎಲ್ಲಿ ಸಮುದ್ರ ಸೇರಬೇಕು? ಪ್ರತಿ ಅಳಿವೆಯಲ್ಲೂ ಎರಡು ತುದಿ. ಗೋಡೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಹಿಂದೆ ಸರಿಯಲು ಜಾಗವೇ ಇಲ್ಲದ ಅಂಥ ಕಡೆ ಕಲ್ಲು ಹಾಕಲೇಬೇಕು. ಉಳ್ಳಾಲದಲ್ಲಿ ನೀರೊಳಗೇ ದಿಬ್ಬ ಕಟ್ಟಿ ಅಲೆಯನ್ನು ದೂರದಲ್ಲೇ ಒಡೆಯುವ ದಾರಿ ಹಿಡಿದದ್ದೂ ಇದೇ ತಿಳಿವಳಿಕೆಯಿಂದ.

ಈಗ ಯಾರೂ ಕೇಳದ ಒಂದು ಮಾತು. ಗೋಕರ್ಣ, ಹೊನ್ನಾವರದ ಕಡೆ ಮನೆ ಕಟ್ಟಲು ಜಾಗ ಹುಡುಕುತ್ತಿರುವ ನಮ್ಮವರು ಭರತರೇಖೆಯಿಂದ, ಅಂದರೆ ಭರತದಲ್ಲಿ ನೀರು ಏರಿ ಮುಟ್ಟುವ ಗೆರೆಯಿಂದ, ಎಷ್ಟು ದೂರ ಬಿಡಬೇಕೆಂದು ವಿಚಾರಿಸುತ್ತಾರೆ. ಹಳ್ಳಿಯ ದಂಡೆಯಲ್ಲಿ 200 ಮೀಟರ್, ಜನಸಾಂದ್ರತೆ ಚದರ ಕಿ.ಮೀ.ಗೆ 2,161 ಮೀರಿದ ಹಳ್ಳಿಯಲ್ಲಿ 50 ಮೀಟರ್, ಇದು ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆ. ಆದರೆ ನೀರಿನ ಬಗ್ಗೆ ಯಾರೂ ವಿಚಾರಿಸುವುದಿಲ್ಲ. ವಿಜಯಪುರದಲ್ಲಿ ನೀರು ಬರಲಿಲ್ಲವೆಂದರೆ ಬೋರ್ ಇನ್ನೂ ನೂರು ಅಡಿ ಇಳಿಸುವುದು ರೂಢಿ. ಮರಳು ದಂಡೆಯಲ್ಲಿ ಹಾಗೆ ಮಾಡಬೇಡಿ. ಅಲ್ಲಿ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಮೀಟರ್ ತನಕ ಸಿಹಿ. ಮೇಲಿನ ಮಟ್ಟವನ್ನು ಒಂದು ಅಡಿ ತಗ್ಗಿಸಿದರೆ ಕೆಳಗಿನ ಉಪ್ಪು ಕ್ರಮೇಣ 40 ಅಡಿ ಏರುತ್ತದೆ. ಎದುರಿಗೆ ಎಂಥ ಗೋಡೆಯಿದ್ದರೂ ಉಪ್ಪುನೀರು ಅದರ ಬುಡದ ಕೆಳಗಿನಿಂದಲೇ ಬರುತ್ತದೆ.

ಅಲ್ಲಿನವರ ಹಾಗೆ ಆಳವಿಲ್ಲದ, ಅಗಲವಾದ ತೆರೆದ ಬಾವಿ ತೋಡಿಸಿ. ಸಣ್ಣ ಮೋಟರ್ ಇಟ್ಟು, ಒಮ್ಮೆಲೇ ಎರಡು ತಾಸು ಎಳೆಯದೆ ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಎತ್ತಿ. ಜಾಗಕ್ಕೆ ಮುಂಗಡ ಕೊಡುವ ಮುಂಚೆ ಮೇ ತಿಂಗಳ ಕೊನೆಗೆ ಹೋಗಿ ಪಕ್ಕದ ಮನೆಯ ಬಾವಿಯ ನೀರನ್ನು, ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರಿನಲ್ಲಿ ನೋಡಿ. 500ರ ಒಳಗಿದ್ದರೆ ಒಳ್ಳೆಯದು. 2,000 ಮೀರಿದರೆ ಕುಡಿಯಲು ಬರುವುದಿಲ್ಲ, ಆ ಜಾಗ ಬಿಟ್ಟುಬಿಡಿ. ಒಮ್ಮೆ ಉಪ್ಪಾದ ಬಾವಿ ತಿಳಿಯಾಗಲು ಒಂದು ಮಳೆಗಾಲ ಸಾಲದು.