ಹದ್ದಿನ ಬೆನ್ನು ಬೀಳುವ ಕಾಜಾಣ

ಓದುಗರ ಪ್ರಶ್ನೆ: ನಮ್ಮ ತೋಟದ ಮೇಲೆ ಹದ್ದು ಸುಳಿದರೆ ಸಾಕು, ಪುಟ್ಟ ಕಾಜಾಣವೊಂದು ಅದನ್ನು ಅಟ್ಟಿಸಿಕೊಂಡು ಹೋಗುತ್ತದೆ. ಅಷ್ಟು ದೊಡ್ಡ ಹದ್ದು ತಿರುಗಿಬಿದ್ದು ಅದನ್ನು ಯಾಕೆ ಮುಗಿಸುವುದಿಲ್ಲ?

ಉತ್ತರ: ಮುಗಿಸಬೇಕಾದರೆ ಮೊದಲು ಕಾಲಿಗೆ ಸಿಗಬೇಕಲ್ವಾ? ತೊಂದರೆ ಇರುವುದೇ ಅಲ್ಲಿ.

ಕಾಜಾಣದ ತೂಕ ಹೆಚ್ಚುಕಡಿಮೆ 50 ಗ್ರಾಂ. ನಾವು ದಿನಾ ನೋಡುವ ಕಂದು ಹದ್ದು ಅದರ ಹತ್ತು ಹದಿನೈದು ಪಟ್ಟು ಭಾರ. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಒಂದೂವರೆ ಮೀಟರಿನ ಹತ್ತಿರ ಬರುತ್ತದೆ. ಬಿಸಿಲೇರಿದ ಮೇಲೆ ಬಿಸಿಗಾಳಿ ಹಿಡಿದು, ರೆಕ್ಕೆ ಬಡಿಯದೆ ಗಿರಕಿ ಹೊಡೆಯುತ್ತಿರುತ್ತದಲ್ಲ, ಆ ರೆಕ್ಕೆ ಇರುವುದೇ ಅದಕ್ಕೆ. ಹದ್ದೂ ಬಾಲ ತಿರುಚಿ ಚೆನ್ನಾಗಿಯೇ ಹೊರಳುತ್ತದೆ. ಆದರೆ ಕಾಜಾಣದ ಮುಂದೆ ಅದು ಸಾಲದು. ಹಾರುವ ಹುಳುವನ್ನು ಗಾಳಿಯಲ್ಲೇ ಹಿಡಿದು ತಿನ್ನುವುದು ಕಾಜಾಣದ ದಿನನಿತ್ಯದ ಕಸುಬು. ಹುಳುವಿನ ಜೊತೆ ತಿರುಗುವ ಹಕ್ಕಿಗೆ ಹದ್ದು ಯಾವ ಲೆಕ್ಕ? ಸಂತೆಬೀದಿಯಲ್ಲಿ ಲಾರಿಯೊಂದು ಸೈಕಲ್ ಹಿಡಿಯಲು ಹೊರಟಂತೆ.

ಇನ್ನೊಂದು ವಿಷಯ ಗಮನಿಸಿ. ಹದ್ದಿನ ಆಯುಧ ಉಗುರು, ಅದಿರುವುದು ಹೊಟ್ಟೆಯ ಕಡೆ. ಕಾಜಾಣ ಬರುವುದು ಮೇಲಿನಿಂದ, ಹಿಂದಿನಿಂದ. ಬೆನ್ನಿಗೆ ಕುಕ್ಕಿ ಜಾರಿಕೊಳ್ಳುತ್ತದೆ. ತೀರಾ ರೇಗಿದಾಗ ಹದ್ದು ಗಾಳಿಯಲ್ಲೇ ಮಗುಚಿ ಉಗುರು ತೋರಿಸುವುದುಂಟು. ಅಷ್ಟರಲ್ಲಿ ಕಾಜಾಣ ಆಚೆ ಹೋಗಿರುತ್ತದೆ.

ಹಾಗಂತ ಹದ್ದು ಹೆದರಿ ಓಡುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಸತ್ತ ಇಲಿ, ಮಾಂಸದಂಗಡಿಯ ಚೂರು ಸುಲಭವಾಗಿ ಸಿಗುವಾಗ ಐವತ್ತು ಗ್ರಾಂ ಹಕ್ಕಿಗೆ ಯಾಕೆ ಸುಮ್ನೆ ಶಕ್ತಿ ಕಳೆಯಬೇಕು? ರಗಳೆ ಬೇಡ ಅಂತ ಜಾಗ ಖಾಲಿ ಮಾಡುತ್ತದೆ, ಅಷ್ಟೇ. ಕಾಜಾಣಕ್ಕಾದರೋ ಇದು ಮನೆಯ ವಿಷಯ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಅದರ ಗೂಡಿನ ಕಾಲ, ಆಗ ಈ ಜಗಳ ಜಾಸ್ತಿ. ಬುಲ್‌ಬುಲ್, ಬೆಳವಗಳು ಅದೇ ಮರದಲ್ಲೋ ಪಕ್ಕದಲ್ಲೋ ಗೂಡು ಕಟ್ಟಿ ಪುಕ್ಕಟೆ ಕಾವಲು ಪಡೆಯುತ್ತವೆ. ಹಿಂದಿಯವರು ಕಾಜಾಣವನ್ನು ಕೊತ್ವಾಲ, ಅಂದರೆ ಊರು ಕಾಯುವ ಪೊಲೀಸ್ ಅಧಿಕಾರಿ ಅನ್ನುವುದು ಇದಕ್ಕೇ.

ಶಿಕ್ರಾ ಎಂಬ ಗಿಡುಗದ ಮಾತು ಬೇರೆ. ಮೋಟು ರೆಕ್ಕೆ, ಉದ್ದ ಬಾಲದ ಅದು ಕೊಂಬೆಗಳ ನಡುವೆಯೇ ನುಗ್ಗಿ ಸಣ್ಣ ಹಕ್ಕಿಗಳನ್ನು ಹಿಡಿಯುತ್ತದೆ. ಅದರ ಮೇಲೂ ಕಾಜಾಣ ಎರಗುತ್ತದೆ, ಅಪಾಯ ಮಾತ್ರ ನಿಜವಾದದ್ದು. ತಮಾಷೆಯೆಂದರೆ, ಹಾಡುಹಕ್ಕಿಗಳ ಗುಂಪಿಗೇ ಸೇರಿದ ಕಾಜಾಣ ಇದೇ ಶಿಕ್ರಾದ ಕೂಗನ್ನು ಕಲಿತು ಥೇಟ್ ಹಾಗೇ ಕೂಗುತ್ತದೆ. ಶಿಕ್ರಾ ಅಂತ ಕೊಂಬೆ ಕೊಂಬೆ ಹುಡುಕಿ, ಕೊನೆಗೆ ಕಾಜಾಣದ ಕವಲು ಬಾಲ ಕಂಡು ನಾನೂ ಬೇಸ್ತು ಬಿದ್ದಿದ್ದೇನೆ.